ಗುಟ್ಟಿನ ಸಬ್ಜೆಕ್ಟು ಕಲಿಸುವ ಮೇಡಂ

ಕುಂದಾಪುರದ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ರಾಷ್ಟ್ರೀಯ ಭದ್ರತೆ ಮತ್ತು ಗುಪ್ತಚರ ವ್ಯವಸ್ಥೆ ಎಂಬ ಪತ್ರಿಕೆ ನನ್ನ ಪಾಲಿಗೆ ಬಂದ ಮೇಲೆ, ಇತಿಹಾಸದ ಮೇಷ್ಟ್ರಿಗೆ ಆಗದ್ದೆಲ್ಲ ನನಗೇ ಆಗತೊಡಗಿದೆ. ಕಡಲ ಕಡೆಯ ಸುದ್ದಿ ಸರಕಾರಕ್ಕೆ ಮುಟ್ಟುವ ಮೊದಲು ಯಾರ್ಯಾರ ಬಾಯಿ ದಾಟಿ ಬರುತ್ತದೆ ಎಂಬ ಕುತೂಹಲಕ್ಕೆ ಪಿಎಚ್‌ಡಿಗೂ ಅದನ್ನೇ ಹಿಡಿದುಕೊಂಡೆ. ಅದು ಮಾತ್ರ ನನ್ನದೇ ತಪ್ಪು.

೧. ಕುಂಭಾಶಿಯ ಮನೆ

"ಮಗ್ಳ್ ಎಂತ ಓದುದ್?" ಎಂದು ಪಕ್ಕದ ಮನೆಯವರು ನಮ್ಮಮ್ಮನನ್ನು ಕೇಳಿದರಂತೆ.

"ಗುಪ್ತಚರದ್ ಪಿಎಚ್‌ಡಿ. ಯಾರಿಗೂ ಹೇಳ್ಬೇಡಿ ಮತ್ತೆ."

ಸಂಜೆಯೊಳಗೆ ಸುದ್ದಿ ಇಡೀ ಕೇರಿಗೆ ಮುಟ್ಟಿತ್ತು. 'ಯಾರಿಗೂ ಹೇಳ್ಬೇಡಿ ಮತ್ತೆ' ಎಂಬುದೂ ಸೇರಿ, ಒಂದಕ್ಷರ ತಪ್ಪದೆ.

೨. ಬಸ್ ಸ್ಟ್ಯಾಂಡು

ಅರ್ಧ ಗಂಟೆ ಬಸ್ ಸ್ಟ್ಯಾಂಡಿನಲ್ಲಿ ಯಾರ ಗಮನಕ್ಕೂ ಬಾರದೆ ನಿಂತು, ಕಂಡದ್ದನ್ನು ಬರೆದು ತರಲು ಮಕ್ಕಳಿಗೆ ಹೇಳಿದ್ದೆ. ಕಿರಿಮಂಜೇಶ್ವರದ ಹುಡುಗಿಯೊಬ್ಬಳು ಕಾಲು ಗಂಟೆಗೇ ವಾಪಸಾದಳು. ಹಿಂದೆ ಬೈಕಿನಲ್ಲಿ, ಕೆಲಸಕ್ಕೆಂದು ಪೇಟೆಗೆ ಬಂದಿದ್ದ ಅವಳಪ್ಪ.

"ಮೇಡಮ್ರೆ, ಮೂರ್ ಬಸ್ ಹೋದ್ರೂ ನಿಮ್ಮ್ ಮಗ್ಳ್ ಹತ್ಲಿಲ್ಲೆ ಅಂದೇಳಿ ನಾಲ್ಕ್ ಜನ ಫೋನ್ ಮಾಡ್ರ್. ಎಂತ ಆಯ್ತ್?"

ನಾನು ವಿವರಿಸಿ ಸಮಾಧಾನ ಮಾಡಿ ಕಳಿಸಿದೆ. ಹುಡುಗಿ ಮಾತ್ರ ವರದಿಯನ್ನು ಪ್ರಾಮಾಣಿಕವಾಗಿಯೇ ಬರೆದಿದ್ದಳು: "ನನಗೆ ಯಾರನ್ನೂ ಸರಿಯಾಗಿ ನೋಡಲು ಆಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು."

೩. ಅಂಬ್ರ್

ಮಾಹಿತಿ ಮುಖ್ಯವಲ್ಲ, ಅದರ ಮೂಲ ಮುಖ್ಯ ಎಂದು ಪಾಠ ಮಾಡುತ್ತಿದ್ದೆ. ಆದರೆ ನಮ್ಮ ಕಡೆ ಯಾವ ಸುದ್ದಿಯಾದರೂ 'ಅಂಬ್ರ್' ಎಂದೇ ಮುಗಿಯುತ್ತದೆ. ಅಂದರೆ, 'ಹಾಗೆ ಹೇಳುತ್ತಾರೆ'. ಒಬ್ಬ ಎದ್ದು ನಿಂತು, "ಬೈಂದೂರಲ್ ಹೊಸ ಆಫೀಸ್ ಬತ್ತ್ ಅಂಬ್ರ್" ಎಂದ.

"ಯಾರು ಹೇಳಿದ್ದು?"

"ಎಲ್ರೂ ಹೇಳ್ತ್ರ್ ಅಂಬ್ರ್."

ನನಗೆ ಸಿಟ್ಟು ಬಂತು. "ನಿಜ ಅಂತ ಗ್ಯಾರಂಟಿ ಇರುವ ಒಂದು ಸುದ್ದಿಯಾದರೂ ಹೇಳು ಮಾರಾಯ!"

ಅವನು ತಲೆ ಕೆರೆದುಕೊಂಡ. "ಮೊನ್ನೆ ನಿಮ್ಗೆ ನಿಮ್ಮ್ ಗೈಡ್ ಫೋನಲ್ ಬೈದ್ರ್ ಅಂಬ್ರ್."

ಪೂರ್ತಿ ಅಂಕ ಕೊಟ್ಟೆ. ಅದನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ.

೪. ಗಂಗೊಳ್ಳಿ

ಗೈಡ್ ಬೈದದ್ದು ಮೂರನೇ ಅಧ್ಯಾಯಕ್ಕೆ. ಹೊಸಬರು ದಡಕ್ಕೆ ಬಂದರೆ ಮೀನುಗಾರರೇ ಮೊದಲು ಗುರುತಿಸುತ್ತಾರೆ ಎಂದು ಬರೆದಿದ್ದೆ. "ಇದಕ್ಕ ಪುರಾವೆ ಎಲ್ಲೈತಿ? ನಾನೇ ಬಂದು ನೋಡ್ತೀನಿ. ಇಲ್ಲಾಂದ್ರ ಈ ಅಧ್ಯಾಯ ತಗದು ಹಾಕು" ಎಂದರು. ಅವರು ಧಾರವಾಡದ ಕಡೆಯವರು. ಎರಡು ವರ್ಷದ ಕೆಲಸ ನೀರುಪಾಲಾಗುವ ಲಕ್ಷಣ ಕಂಡಿತು.

ಪೊಲೀಸರ ಒಪ್ಪಿಗೆ ಪಡೆದು ಒಂದು ಪರೀಕ್ಷೆ ಇಟ್ಟೆ. ಗಂಗೊಳ್ಳಿಗೆ ಗುರುತಿಲ್ಲದ ಬ್ರಹ್ಮಾವರದ ಇಬ್ಬರು ಹುಡುಗರು ದೋಣಿಯಲ್ಲಿ ಬಂದು ಇಳಿಯುವುದು. ಠಾಣೆಗೆ ಯಾರು, ಎಷ್ಟು ಹೊತ್ತಿಗೆ ಫೋನ್ ಮಾಡುತ್ತಾರೆ ಎಂದು ನಾವು ನೋಡುವುದು. ಗೈಡ್ ಟೊಪ್ಪಿ ಹಾಕಿ, ನೋಟ್‌ಬುಕ್ ಹಿಡಿದು, ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತರು. ನಾನು ಐಸ್ ಪ್ಲಾಂಟಿನ ಮರೆಯಲ್ಲಿ.

ಹುಡುಗರು ಇಳಿದರು. ಮೀನು ಮಾರುವ ಅಕ್ಕ ಒಬ್ಬರು, "ಹ್ವಾಯ್, ಬಿಸ್ಲಲ್ ಬಂದ್ರಿ, ನೀರ್ ಕುಡೀನಿ" ಎಂದು ಕೂರಿಸಿಕೊಂಡರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಯಾರಿಗೂ ಗಡಿಬಿಡಿಯೇ ಇಲ್ಲ. ನನ್ನ ಮೂರನೇ ಅಧ್ಯಾಯ ಕಣ್ಣೆದುರೇ ಮುಳುಗುತ್ತಿತ್ತು.

ಅಷ್ಟರಲ್ಲಿ ಪೊಲೀಸ್ ಜೀಪು ಬಂತು! ಹುಡುಗರನ್ನು ದಾಟಿ ಸೀದಾ ಹೋಗಿ ಗೈಡ್ ಹತ್ತಿರ ನಿಂತಿತು.

"ನಾ ಪ್ರೊಫೆಸರ್ ಅದೀನ್ರೀ!"

"ಅದನ್ನ ಜೀಪಲ್ಲಿ ಕೂತು ಹೇಳಿ ಸಾರ್."

ಓಡಿ ಹೋಗಿ ಬಿಡಿಸಿಕೊಂಡೆ. ಠಾಣೆಯಲ್ಲಿ ಹುಡುಗರ ವಿಷಯ ಹೇಳಿದ್ದೆ, ಗೈಡ್ ವಿಷಯ ಹೇಳಿರಲಿಲ್ಲ. ಆಮೇಲೆ ಅಕ್ಕನನ್ನು ಕೇಳಿದೆ, "ದೋಣಿಯಲ್ ಬಂದವ್ರ್ ಬಗ್ಗೆ ಎಂತಕ್ಕೆ ಫೋನ್ ಮಾಡ್ಲಿಲ್ಲೆ ಅಕ್ಕಾ?"

"ಎಂತಕ್ಕೆ ಮಾಡುದ್? ಆ ಉದ್ದದ್ ಮಾಣಿ ಅತ್ತೆ ನನ್ನೊಟ್ಟಿಗೇ ಮೀನ್ ಮಾರತ್ತ್. ನೀವ್ ಕಳ್ಸುದ್ ಅಂದೇಳಿ ನಿನ್ನೆಯೇ ಗೊತ್ತಿತ್ತ್. ಈ ಟೊಪ್ಪಿಯವ್ರ್ ಯಾರಂದೇಳಿ ಗೊತ್ತಾಯ್ಲಿಲ್ಲೆ. ಒಂದ್ ಗಂಟೆಯಿಂದ ದೋಣಿ ಎಣ್ಸಿ ಎಣ್ಸಿ ಬರ್ಕಂತಾ ಇದ್ರ್. ಬಂಗುಡೆ ತೋರ್ಸಿ ಇದೆಂತ ಮೀನ್ ಅಂದ್ರೆ ಅದೂ ಗೊತ್ತಿಲ್ಲೆ!"

ಗೈಡ್ ಟೊಪ್ಪಿ ತೆಗೆದು ಬೆವರು ಒರೆಸಿಕೊಂಡರು. ಅಕ್ಕನನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಮೂರನೇ ಅಧ್ಯಾಯ ಪಾಸಾತವಾ. ಆದ್ರ ವೈವಾಕ್ಕ ನೀ ಬರಬ್ಯಾಡ, ಈ ಅಕ್ಕಾರನ್ನ ಕಳಸು."