ಟಗರಿಗೊಂದು ಒಪ್ಪೊತ್ತು

ನಮ್ಮ ಸೋದರಮಾವನಷ್ಟು ಶ್ರದ್ಧೆಯಿಂದ ತಪ್ಪು ಮಾಡುವವರು ಇಡೀ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಉಳಿದವರು ತಪ್ಪನ್ನು ಅವಸರದಲ್ಲಿ ಮಾಡಿ ಮುಗಿಸುತ್ತಾರೆ. ಮಾವ ಹಾಗಲ್ಲ, ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಶುರುಮಾಡುತ್ತಾರೆ! ಒಮ್ಮೆ ಮರಗಳಿಗೆ ಹಾಡು ಕೇಳಿಸಿದರೆ ಕಾಯಿ ಚೆನ್ನಾಗಿ ಕಚ್ಚುತ್ತದೆಂದು ಮಾವಿನ ತೋಪಿನಲ್ಲಿ ರೇಡಿಯೊ ನೇತುಹಾಕಿದ್ದರು. ಕಾಯಿ ಹೆಚ್ಚಲಿಲ್ಲ. ರೇಡಿಯೊವನ್ನು ಕೋತಿ ಎತ್ತಿಕೊಂಡು ಹೋಯಿತು. "ಹೋಗ್ಲಿ ಬಿಡು, ಅದಕ್ಕಾದ್ರೂ ಸಂಗೀತ ಇಷ್ಟ ಆಯ್ತಲ್ಲ" ಎಂದರು.

ಮಾವ, ಅತ್ತೆ ಇರುವುದು ರಾಯಲ್ಪಾಡಿನ ಪಕ್ಕದಲ್ಲಿ. ಮಕ್ಕಳಿಲ್ಲ. ಅವರಿಬ್ಬರು, ಒಂದಷ್ಟು ಕುರಿ, ಜೊತೆಗೆ ನಲ್ಲೋಡು. ಆಂಧ್ರದ ಗಡಿ ಕೂಗಳತೆಯಲ್ಲಿರುವುದರಿಂದ ಅಲ್ಲಿ ಬೈಗುಳವೆಲ್ಲ ಕನ್ನಡದಲ್ಲಿ, ಮುದ್ದೆಲ್ಲ ತೆಲುಗಿನಲ್ಲಿ. ನಲ್ಲೋಡು ಎಂದರೆ ಕರಿಯ, ಮಾವನ ಟಗರು. ಒಂದು ಕಾಲದಲ್ಲಿ ಸುತ್ತಲ ಊರುಗಳ ಅರ್ಧ ಕುರಿಮರಿಗಳು ಅವನ ಮೂಗನ್ನೇ ಹೊತ್ತುಕೊಂಡು ಹುಟ್ಟುತ್ತಿದ್ದವಂತೆ. ಈಗ ವಯಸ್ಸಾಗಿತ್ತು. ಉದುರಿದ ಮಾವಿನ ಹಣ್ಣು ತಿಂದು ತಿಂದು ದಿಮ್ಮಿಯಂತಾಗಿದ್ದ. ಕುರಿಗಳು ಎದುರಿಗೆ ಬಂದು ನಿಂತರೂ ಕಣ್ಣುಮುಚ್ಚಿ ಮೆಲುಕು ಹಾಕುತ್ತಿದ್ದ.

ಮಾವನಿಗೆ ಒಂದೇ ಆಸೆ. ನಲ್ಲೋಡು ಹೋಗುವ ಮೊದಲು ಅವನ ಹಾಗೇ ಇರುವ ಒಂದು ಗಂಡುಮರಿ ಕೊಟ್ಟಿಗೆಯಲ್ಲಿ ಉಳಿಯಬೇಕು. ಹಳೆಯವೆಲ್ಲ ಸಂತೆಗೆ ಹೋಗಿಬಿಟ್ಟಿದ್ದವು. "ಒಂದಾದ್ರೂ ಇಟ್ಕೊಬೇಕಿತ್ತು ಕಣೋ" ಎಂದು ಆಗಾಗ ಕೊರಗುತ್ತಿದ್ದರು. ಅಂಥ ಹೊತ್ತಿನಲ್ಲಿ ಮೊಬೈಲು ಅವರಿಗೆ ಜ್ಞಾನೋದಯ ಮಾಡಿಸಿತು: ಕಡಿಮೆ ತಿಂದ ಪ್ರಾಣಿಗೆ ಮುಪ್ಪು ತಡವಾಗಿ ಬರುತ್ತದಂತೆ, ಗಂಡಸುತನವೂ ಉಳಿಯುತ್ತದಂತೆ.

"ಇದಕ್ಕೆ ಮೊಬೈಲ್ ಯಾಕೆ ಬೇಕು? ನಿಮ್ಮತ್ತೇನ ನೋಡು" ಎಂದರು ಮಾವ. "ಎಷ್ಟು ವರ್ಷದಿಂದ ಶನಿವಾರ ಶನಿವಾರ ಒಪ್ಪೊತ್ತು. ಹೆಂಗವ್ಳೆ ನೋಡು, ಗುಂಡುಕಲ್ಲು."

ಅತ್ತೆ ಹುರುಳಿ ಕೇರುತ್ತಿದ್ದರು.

ಅಂದಿನಿಂದ ನಲ್ಲೋಡನಿಗೂ ಒಪ್ಪೊತ್ತು. ಹುರುಳಿ ಅರ್ಧಕ್ಕಿಳಿಯಿತು. ತೋಪಿನಲ್ಲಿ ಹಣ್ಣು ತಿನ್ನದಿರಲೆಂದು ಉಳುವ ಎತ್ತಿಗೆ ಕಟ್ಟುವ ಕುಕ್ಕೆಯನ್ನು ಅವನ ಬಾಯಿಗೆ ಕಟ್ಟಿದರು. ಅವನು ಮೊದಲು ಕುಕ್ಕೆಯನ್ನೇ ತಿಂದ, ಆಮೇಲೆ ಹಣ್ಣು! ಮಾವ ಸೋಲುವವರೇ? ದಿನವಿಡೀ ತೋಪಿನಲ್ಲಿ ಹಗ್ಗ ಹಿಡಿದುಕೊಂಡು ಅವನ ಹಿಂದೆ ಸುತ್ತಿದರು. ಟಗರಿಗಿಂತ ಮೊದಲು ಮಾವನೇ ಇಳಿದುಹೋದರು.

ನಿಜ ಹೇಳಬೇಕೆಂದರೆ, ನಲ್ಲೋಡು ಮೊದಮೊದಲು ಚುರುಕಾದ. ಕೊಬ್ಬು ಕರಗಿತು, ಕುರಿಗಳ ಕಡೆ ಕತ್ತು ತಿರುಗಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುತ್ತಲೇ ಇರಲಿಲ್ಲ. ಆದರೆ ಮಾವನ ತರ್ಕವೇ ಬೇರೆ. ಅರ್ಧ ಕಡಿಮೆ ಮಾಡಿದ್ದಕ್ಕೇ ಇಷ್ಟು ಗುಣವಾದರೆ, ಉಳಿದರ್ಧದಲ್ಲೂ ಅರ್ಧ ಕಡಿಮೆ ಮಾಡಿದರೆ? ಮಾಡಿದರು. ನಲ್ಲೋಡನ ಪಕ್ಕೆ ಎದ್ದು ಕಂಡಿತು. ಕುರಿಗಳು ಮಾತ್ರ ಗಬ್ಬವಾಗಲಿಲ್ಲ.

"ಕುರಿಗಳೇ ಗೊಡ್ಡು" ಎಂದು ಮಾವ ತೀರ್ಪು ಕೊಟ್ಟರು. ಆ ಮಾತು ಬಂದಾಗಲೆಲ್ಲ ಅತ್ತೆ ಕೆಲಸ ಬಿಟ್ಟು ಒಳಗೆ ಹೋಗುತ್ತಿದ್ದರು. ನಾನು ಒಲೆ ನೋಡಲು ಹೋದರೆಂದುಕೊಳ್ಳುತ್ತಿದ್ದೆ. ಮಾವ ಒಂದು 'ಗೊಡ್ಡು' ಕುರಿಯನ್ನು ಪಕ್ಕದ ಹೊಲದವನಿಗೆ ಕೊಟ್ಟು ಬೇರೆ ಕುರಿ ತಂದರು. ಎರಡು ಮೂರು ತಿಂಗಳಿಗೆ ಅವನೇ ಬೇಲಿಯಾಚೆಯಿಂದ ಕೂಗಿದ: "ಏನಣ್ಣೋ, ನಿನ್ ಗೊಡ್ಡು ಕುರಿ ನಮ್ಮನೆ ನೀರು ಕುಡಿದಿದ್ದೇ ಗಬ್ಬ ಆಗೋಯ್ತಲ್ಲ?"

ಊರೆಲ್ಲ ನಕ್ಕಿತು. ನಾನೂ ನಕ್ಕೆ. ಮರುದಿನವೇ ಮಾವ ಲಗೇಜ್ ಆಟೋ ತರಿಸಿ, ನಲ್ಲೋಡನಿಗೆ ತಮ್ಮ ಶಾಲು ಹೊದಿಸಿ, ಪಶು ಆಸ್ಪತ್ರೆಗೆ ಹೊರಟರು. ಹಿಂದೆ ಟಗರು ಹಿಡಿದುಕೊಂಡು ನಾನು ಮತ್ತು ಅತ್ತೆ ಕೂತೆವು.

ಡಾಕ್ಟರು ಪರೀಕ್ಷೆ ಮಾಡಿ ತಲೆಯಾಡಿಸಿದರು. "ಕುರಿಗಳದ್ದೇನೂ ತಪ್ಪಿಲ್ಲ ಯಜಮಾನ್ರೇ, ದೋಷ ಟಗರಿಂದು. ಕೊಬ್ಬಿದ ಪ್ರಾಣಿಗೆ ಮೇವು ಸ್ವಲ್ಪ ಇಳಿಸೋದು ಒಳ್ಳೇದೇ. ಎಳೇದ್ರಿಂದ ಅಳತೆಯಾಗಿ ತಿಂದ್ರೆ ಮುಪ್ಪು ನಿಧಾನ ಆಗ್ಬೋದು ಅಂತಾನೂ ಹೇಳ್ತಾರೆ. ಆದ್ರೆ ಮುದಿ ಪ್ರಾಣೀನ ಹಿಂಗೆ ಉಪವಾಸ ಕೆಡವಿದ್ರೆ, ಉಳಿದಿರೋ ಬೀಜಾನೂ ಒಣಗಿಹೋಗುತ್ತೆ. ಚೆನ್ನಾಗಿ ಮೇಯಿಸಿ. ಮರಿ ಆಗುತ್ತೆ ಅಂತ ಮಾತ್ರ ನಾನು ಹೇಳಲ್ಲ."

ವಾಪಸ್ ಬರುವಾಗ ಮಾವ ಮುಂದೆ ಕೂರಲಿಲ್ಲ. ಹಿಂದೆ ಬಂದು ನಲ್ಲೋಡನ ಕತ್ತು ತಬ್ಬಿಕೊಂಡು ಕೂತರು. ದಾರಿಯಲ್ಲಿ ಅತ್ತೆ, ಯಾರನ್ನೂ ನೋಡದೆ, ಮೆಲ್ಲಗೆ ಅಂದರು:

"ಟಗರನ್ನಾದ್ರೂ ತೋರಿಸಿದ್ರಲ್ಲ."

ಮಾವನ ಕೈ ಟಗರಿನ ಕತ್ತಿನ ಮೇಲೆ ಹಾಗೇ ನಿಂತಿತು. ನನಗೆ ಅಮ್ಮ ಹೇಳಿದ್ದು ನೆನಪಾಯಿತು. ಹರೆಯದಲ್ಲಿ ಅತ್ತೆ ಒಬ್ಬರೇ ಬಸ್ಸು ಹತ್ತಿ ಕೋಲಾರದ ಆಸ್ಪತ್ರೆಗೆ ತಿರುಗಿದ್ದರು. ನಿಮ್ಮಲ್ಲೇನೂ ತೊಂದರೆ ಕಾಣುತ್ತಿಲ್ಲ, ಯಜಮಾನರನ್ನು ಕರೆದುಕೊಂಡು ಬನ್ನಿ ಎಂದು ಅಲ್ಲಿ ಹೇಳುತ್ತಿದ್ದರು. ಮಾವ ಒಂದು ಸಲವೂ ಹೋಗಲಿಲ್ಲ. ಗಂಡಸಿಗೆಂಥ ಪರೀಕ್ಷೆ ಎಂದರು. ಊರು ಅತ್ತೆಯನ್ನು ಗೊಡ್ಡು ಎಂದಿತು. ಶನಿವಾರದ ಒಪ್ಪೊತ್ತು ಶುರುವಾಗಿದ್ದು ಆಗಲೇ, ಒಂದು ಮಗುವಿಗಾಗಿ. ಬಸುರಾಗುವ ವಯಸ್ಸು ದಾಟಿದರೂ ಅದನ್ನು ನಿಲ್ಲಿಸಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ನಲ್ಲೋಡನಿಗೆ ಮತ್ತೆ ಹುರುಳಿ ಬಂತು, ಮಾವಿನ ಹಣ್ಣೂ ಬಂತು. ಮೈ ತುಂಬಿತು. ಮರಿ ಬರಲಿಲ್ಲ. ಮಾವ ಈಗ ಗೊಡ್ಡು ಎಂಬ ಮಾತನ್ನೇ ಆಡುವುದಿಲ್ಲ.

ಮೊನ್ನೆ ಶನಿವಾರ ಸಂಜೆ ಹೋಗಿದ್ದೆ. ಅತ್ತೆ ನನಗೂ ಮಾವನಿಗೂ ಮುದ್ದೆ, ಬಸ್ಸಾರು ಬಡಿಸಿದರು. ಮಾವ ತಮ್ಮ ತಟ್ಟೆಯನ್ನು ಅತ್ತೆಯ ಕಡೆ ಸರಿಸಿದರು.

"ನೀನು ಉಣ್ಣು. ಇನ್ಮೇಲೆ ಶನಿವಾರದ ಒಪ್ಪೊತ್ತು ನಾನಿರ್ತೀನಿ."

"ಈಗ್ಯಾಕೆ? ಇನ್ನೇನಾಗ್ಬೇಕು ಅಂತ?"

"ಏನೂ ಆಗೋದು ಬೇಡ" ಎಂದರು ಮಾವ. "ಅವತ್ತು ನಿನ್ ಜೊತೆ ಬಸ್ಸು ಹತ್ಬೇಕಿತ್ತು. ಹತ್ತಲಿಲ್ಲ."

ಅತ್ತೆ ತಟ್ಟೆ ಎಳೆದುಕೊಂಡರು. ಆಮೇಲೆ ಮುದ್ದೆ ಮುರಿದರು. ಮೊದಲ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದರು. ಎಂದೂ ತಮ್ಮ ಲೋಟಕ್ಕೂ ತಾವೇ ನೀರು ಬಗ್ಗಿಸಿಕೊಂಡವರಲ್ಲದ ನಮ್ಮ ಮಾವ, ಚೊಂಬು ಹಿಡಿದು ಅವರ ಪಕ್ಕದಲ್ಲಿ ಕೂತಿದ್ದರು.