ಹಾಕು ಅಂದದ್ದು ಕೊಬ್ಬರಿಗೆ

ಬಂಕಿನಲ್ಲಿ ಫೋನಿನಲ್ಲಿ ಮಾತಾಡಬಾರದು ಎಂದು ಬಂಕಿನವರು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿರುತ್ತಾರೆ. ಬೆಂಕಿಯ ಭಯಕ್ಕೆ ಬರೆದದ್ದು ಅದು. ಬೆಂಕಿ ಇಲ್ಲದೆಯೂ ಅನಾಹುತ ಆಗಬಹುದು ಎಂಬುದು ಉಣಕಲ್ಲಿನ ಬಾಳಕೃಷ್ಣ ಕಟ್ಟಿಯವರಿಗೆ ಆ ಭಾನುವಾರದವರೆಗೆ ಗೊತ್ತಿರಲಿಲ್ಲ.

ಬಾಳಕೃಷ್ಣರಾಯರು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು. ಅವರ ಸ್ಕೂಟರಿಗೆ ವಯಸ್ಸಾಗಿತ್ತು. ಟಾಕಿಯಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಎಂದೋ ಸತ್ತು ಮಲಗಿತ್ತು. ಆ ವಾರ ಪೆಟ್ರೋಲಿನ ದರ ಮತ್ತೆ ಏರಿದ್ದರಿಂದ ಬಂಕಿನ ಸಾಲಿನಲ್ಲಿದ್ದವರೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ರಾಯರ ಪಾಳಿ ಬರುವುದಕ್ಕೂ ಹೆಂಡತಿ ಲಕ್ಷ್ಮೀಬಾಯಿಯ ಫೋನು ಬರುವುದಕ್ಕೂ ಸರಿಹೋಯಿತು. ಬೀನ್ಸ್ ಪಲ್ಯಕ್ಕೆ ಕೊಬ್ಬರಿ ಹಾಕಲೋ ಬೇಡವೋ ಎಂದು ಆಕೆ ಕೇಳಿದಳು. ಅದೇ ಗಳಿಗೆಗೆ ಬಂಕಿನ ಹುಡುಗಿ, ಪ್ರೀಮಿಯಂ ಪೆಟ್ರೋಲ್ ಹಾಕಲೇನ್ರಿ, ಫುಲ್ ಮಾಡಲೇನ್ರಿ ಎಂದು ಕೇಳಿದಳು.

"ಹಾಕು, ಹಾಕು. ಚೊಲೋತ್ನಂಗ ಹಾಕು" ಎಂದರು ರಾಯರು.

ಫೋನು ಕಿಸೆಗಿಟ್ಟು ಮೀಟರು ನೋಡಿದಾಗ ಅವರ ಕಣ್ಣು ಲಿಂಬೆಹಣ್ಣಿನಷ್ಟಾದವು. ತಾನು ಹೇಳಿದ್ದು ಕೊಬ್ಬರಿಗೆ ಎಂದು ಎಷ್ಟು ಬಿಡಿಸಿ ಹೇಳಿದರೂ ಟಾಕಿಗೆ ಹೋದದ್ದು ಹಿಂದೆ ಬರುವ ಹಾಗಿರಲಿಲ್ಲ. ಹಿಂದೆ ನಿಂತಿದ್ದ ಎದುರುಮನೆಯ ಖಾಜಾಸಾಬ ಇದನ್ನೆಲ್ಲ ನೋಡಿದ. ಕಮರಿಪೇಟೆಯಲ್ಲಿ ಅವನದು ಗಾದಿಯ ಅಂಗಡಿ. ಅವನಿಗೆ ಕೊಬ್ಬರಿಯ ಮಾತು ಕೇಳಿಸಿರಲಿಲ್ಲ, ಪ್ರೀಮಿಯಂ ಮಾತ್ರ ಕೇಳಿಸಿತ್ತು.

ರಾಯರು ಓಣಿಗೆ ಬರುವ ಹೊತ್ತಿಗೆ ಸುದ್ದಿ ಅವರಿಗಿಂತ ಮೊದಲು ಬಂದು ಕಟ್ಟೆಯ ಮೇಲೆ ಕೂತಿತ್ತು. ಸಾದಾ ಪೆಟ್ರೋಲಿಗೇ ಜನ ಅಳುತ್ತಿರುವಾಗ ರಾಯರು ಪ್ರೀಮಿಯಂ ಹಾಕಿಸಿದ್ದಾರೆಂದರೆ ಪಗಾರ ಹೆಚ್ಚಾಗಿರಬೇಕು ಎಂದು ಒಬ್ಬರು, ಇಲ್ಲ, ಮಾವನ ಆಸ್ತಿ ಬಂದಿರಬೇಕು ಎಂದು ಇನ್ನೊಬ್ಬರು. ತಪ್ಪಿ ಬಿತ್ತು ಎಂದು ಹೇಳಲು ರಾಯರಿಗೆ ನಾಚಿಕೆಯಾಯಿತು.

"ಒಂದು ಪ್ರಯೋಗ ಮಾಡಾಕತ್ತೇನ್ರಿ" ಎಂದುಬಿಟ್ಟರು. "ಜಾಸ್ತಿ ರೊಕ್ಕಾ ಕೊಟ್ಟದ್ದಕ್ಕ ಖರೇನ ಫರಕ ಆಗ್ತದೋ ಇಲ್ಲೋ ನೋಡೋಣಂತ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಸುಳ್ಳು ಎಂದು ಅವರಿಗೇ ಅನಿಸಲಿಲ್ಲ. ಹೌದಲ್ಲ, ಫರಕ ಆಗುತ್ತದೆಯೋ ಇಲ್ಲವೋ? ಇಷ್ಟು ವರ್ಷ ಆ ಪ್ರಶ್ನೆ ತಮ್ಮ ತಲೆಗೆ ಬಂದಿರಲೇ ಇಲ್ಲವಲ್ಲ ಎಂದು ಆಶ್ಚರ್ಯಪಡುತ್ತ ಅವರು ಸ್ನಾನಕ್ಕೆ ಹೋದರು. ಸ್ನಾನ, ಪೂಜೆ, ಊಟ ಎಲ್ಲ ಮುಗಿಯುವವರೆಗೂ ಅದೇ ವಿಚಾರ. ಪಲ್ಯದಲ್ಲಿ ಕೊಬ್ಬರಿ ಇತ್ತೋ ಇಲ್ಲವೋ ಎಂಬುದನ್ನೂ ಅವರು ಗಮನಿಸಲಿಲ್ಲ.

ಹೊರಗೆ ಬಂದು ನೋಡಿದರೆ ಓಣಿಯೇ ಪ್ರಯೋಗಕ್ಕೆ ಸಿದ್ಧವಾಗಿ ನಿಂತಿತ್ತು. ಪಕ್ಕದ ಮನೆಯ ಸೌರಭ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಒಬ್ಬನೇ ಓಡಿಸಿ ಹೇಳಿದರೆ ಅದು ಪ್ರಯೋಗವಲ್ಲ, ಬೇರೆ ಬೇರೆಯವರು ಅದೇ ದಾರಿಯಲ್ಲಿ ಓಡಿಸಬೇಕು ಎಂದು ಅವನು ನಿಯಮ ಮಾಡಿದ. ದಾರಿ ಎಂದರೆ ಕೆರೆಯ ಕಡೆ ಹೋಗಿ ಒಂದು ಸುತ್ತು ಹಾಕಿ ಬರುವುದು. ಮೊದಲು ಖಾಜಾಸಾಬ ಹೋಗಿ ಬಂದ. ಹೊಸ ಅರಳೆಯ ಗಾದಿಯ ಮೇಲೆ ಕೂತು ಹೋದ ಹಾಗಾಯಿತು ಎಂದ. ಸೌರಭ ಒಮ್ಮೆ ಹೋಗಿ ಬಂದು ಎಂಜಿನ್ನಿನ ಸಪ್ಪಳ ಇಳಿದಿದೆ ಎಂದ. ಖಾತ್ರಿ ಮಾಡಿಕೊಳ್ಳಲು ಮತ್ತೊಮ್ಮೆ ಹೋದ. ಕಾಯಿಪಲ್ಯ ಮಾರುವ ಯಂಕವ್ವ ಗಾಡಿ ಹತ್ತಲಿಲ್ಲ. ಹಿಂದೆ ನಿಂತು ಹೊಗೆ ಮೂಸಿ, ನಾತವೇ ಇಲ್ಲ, ಲೋಬಾನದ ವಾಸನೆ ಎಂದಳು. ಆಮೇಲೆ ಯಾರು ಯಾರೋ ಹತ್ತಿದರು, ಇಳಿದರು. ಮದುವೆಮನೆಯ ಜಿಲೇಬಿಯ ಬುಟ್ಟಿಯ ಹಾಗೆ ಸ್ಕೂಟರು ಕೈಯಿಂದ ಕೈಗೆ ಹೋಯಿತು.

ಕೊನೆಗೆ ರಾಯರೂ ಒಂದು ಸುತ್ತು ಹೊಡೆದರು. ಕಿವಿ ನಿಮಿರಿಸಿದರು, ಉಸಿರು ಬಿಗಿಹಿಡಿದರು. ಎಂದಿನ ಗಡಗಡವೇ ಕೇಳಿಸಿತು. ಹೆಂಡತಿಯ ಸಂಗೀತದ ವಿಷಯದಲ್ಲೂ ಅವರದು ಇದೇ ಫಜೀತಿ. ರಾಗ ಯಾವುದೆಂದು ತಿಳಿಯದೆ ಮುಂದಿನ ಸಾಲಿನವರು ತಲೆಯಾಡಿಸಿದಾಗ ತಾವೂ ಆಡಿಸುತ್ತಿದ್ದರು. ಈಗಲೂ ಹಾಗೆಯೇ ಮಾಡಿದರು. ಗಾಡಿಯಿಂದಿಳಿದು, ಭಾಳ ಫರಕ ಅದ ಎಂದು ತಲೆಯಾಡಿಸಿದರು. ಅದನ್ನು ಕೇಳಿದ್ದೇ ಖಾಜಾಸಾಬ ತನ್ನ ಬೈಕನ್ನೂ ಸೌರಭ ತನ್ನ ಕಾರನ್ನೂ ತೆಗೆದುಕೊಂಡು ಬಂಕಿನ ಕಡೆ ಹೊರಟರು.

ಆ ಸಂಜೆ ಧಾರವಾಡದಲ್ಲಿ ಲಕ್ಷ್ಮೀಬಾಯಿಯ ಗಾಯನವಿತ್ತು. ಹುಡುಗಿಯಾಗಿದ್ದಾಗ ಕಛೇರಿ ಮಾಡಿದವಳು ಮದುವೆಯಾದ ಮೇಲೆ ಓಣಿಯ ಮಕ್ಕಳಿಗೆ ಸರಿಗಮ ಹೇಳಿಕೊಡುವುದರಲ್ಲೇ ಉಳಿದಿದ್ದಳು. ಈಗ ಮತ್ತೆ ವೇದಿಕೆಗೆ ಕರೆ ಬಂದಿತ್ತು. ವಾರವಿಡೀ ಮೆಣಸಿನಕಾಯಿ ಮುಟ್ಟಿರಲಿಲ್ಲ, ಯಾರೊಡನೆಯೂ ಜಗಳಾಡಿರಲಿಲ್ಲ. ಎ.ಸಿ. ಚಿಗರಿ ಬಸ್ಸಿನಲ್ಲಿ ಆರಾಮಾಗಿ ಹೋಗೋಣ ಎಂದು ಆಕೆ ಹೇಳಿದಳು. ರಾಯರಿಗೆ ಸ್ಕೂಟರೇ ಬೇಕಾಗಿತ್ತು. ಊರೊಳಗೆ ತಿಳಿಯದ ಫರಕ ಉದ್ದನೆಯ ದಾರಿಯಲ್ಲಾದರೂ ತಿಳಿದೀತು ಎಂಬ ಆಸೆ ಅವರಿಗೆ.

ನವನಗರ ದಾಟಿತು, ರಾಯಾಪುರ ದಾಟಿತು. ಸತ್ತೂರ ಇನ್ನೇನು ಬಂತು ಎನ್ನುವಾಗ ಸ್ಕೂಟರು ಎರಡು ಸಲ ಬಿಕ್ಕಿ ಸುಮ್ಮನಾಯಿತು. ರಾಯರು ಟಾಕಿಯ ಮುಚ್ಚಳ ತೆಗೆದು ಒಳಗೆ ಇಣುಕಿದರು, ಗಾಡಿಯನ್ನು ಅಲುಗಾಡಿಸಿ ಕಿವಿಗೊಟ್ಟರು. ಒಳಗೆ ಬೇಸಿಗೆಯ ಬಾವಿಯ ಹಾಗೆ ಬರಿದು.

"ಮುಂಜಾನೆ ತುಂಬಿಸೀನಿ. ಓಣ್ಯಾಗಿನವರು ಎಷ್ಟು ತಿರುಗಿದ್ರೂ ಇಷ್ಟು ಖಾಲಿ ಆಗ್ತದೇನು?" ಎಂದು ಅವರು ಗಾಳಿಯನ್ನು ಕೇಳಿದರು. ಪ್ರೀಮಿಯಂ ಎಂಬುದು ಕರ್ಪೂರದ ಹಾಗೆ ಇದ್ದಲ್ಲೇ ಹಾರಿಹೋಗುತ್ತದೆಯೋ? ಅಥವಾ ಬಂಕಿನವರು ಗಾಳಿ ತುಂಬಿದರೋ? ಸೀರೆಯ ನೆರಿಗೆ ಹಿಡಿದು ರಸ್ತೆಯ ಬದಿಗೆ ನಿಂತಿದ್ದ ಲಕ್ಷ್ಮೀಬಾಯಿ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಹಾಡುವ ಮುಂಚೆ ದನಿ ಕೆಡಿಸಿಕೊಳ್ಳಬಾರದೆಂದು ಇರಬೇಕು ಎಂದುಕೊಂಡರು ರಾಯರು.

ಅಷ್ಟರಲ್ಲಿ ಅವರ ಮನೆಯ ಹಿಂದಿನ ಮನೆಯ ತಸ್ಲೀಮಾ ತನ್ನ ಸ್ಕೂಟಿಯಲ್ಲಿ ಬಂದಳು. ಶಾಲೆಯಲ್ಲಿ ಶಿಕ್ಷಕಿ, ಲಕ್ಷ್ಮೀಬಾಯಿಯ ಬಳಿ ಮಗಳನ್ನು ಹಾಡು ಕಲಿಯಲು ಕಳಿಸುವವಳು, ಗಾಯನ ಕೇಳಲೆಂದೇ ಹೊರಟಿದ್ದಳು. "ಕಾಕೂ, ನೀವು ಲಗೂನ ಹತ್ರಿ" ಎಂದಳು. ಲಕ್ಷ್ಮೀಬಾಯಿ ಹತ್ತಿದಳು. ಸ್ಕೂಟಿ ಹೋಯಿತು. ರಾಯರು ಸ್ಕೂಟರನ್ನು ನೂಕುತ್ತ ಮುಂದಿನ ಬಂಕು ಎಷ್ಟು ದೂರ ಎಂದು ಸಿಕ್ಕವರನ್ನೆಲ್ಲ ಕೇಳುತ್ತ ನಡೆದರು. ಪ್ರತಿಯೊಬ್ಬರೂ, ಇಲ್ಲೇ ಮುಂದ ಐತ್ರಿ, ಎಂದರು. ಆ 'ಇಲ್ಲೇ ಮುಂದ' ಬರುವಷ್ಟರಲ್ಲಿ ಇಸ್ತ್ರಿಯ ಅಂಗಿ ಹಿಂಡಿ ಒಣಗಿಸಬೇಕಾದ ಸ್ಥಿತಿಗೆ ಬಂದಿತ್ತು. ಬಂಕಿನವನು ಬಾಯಿ ತೆರೆಯುವ ಮೊದಲೇ ರಾಯರು, ಸಾದಾ, ಸಾದಾ ಎಂದು ಜಪ ಮಾಡಿದರು.

ಸಭಾಂಗಣದ ಬಾಗಿಲಿಗೆ ಬಂದಾಗ ಅವರಿಗೆ ಸಿಕ್ಕದ್ದು ಚಪ್ಪಾಳೆ ಮಾತ್ರ. ಜನ ಎದ್ದುನಿಂತು ತಟ್ಟುತ್ತಿದ್ದರು. ಹೆಂಡತಿಯ ಮುಖ ದೂರದಿಂದಲೇ ಹೊಳೆಯುತ್ತಿತ್ತು. ರಾಗ ತಿಳಿಯದಿದ್ದರೇನು, ಅಲ್ಲಿ ಕೂತಿರಬೇಕಾಗಿತ್ತು ಎನಿಸಿತು ರಾಯರಿಗೆ. ಆ ಸಂಕಟವೆಲ್ಲ ಬಂಕಿನ ಮೇಲಿನ ಸಿಟ್ಟಾಗಿ ತಿರುಗಿತು. ಹೊರಗೆ ಬಂದ ಲಕ್ಷ್ಮೀಬಾಯಿಗೆ ಅವರು, ಈಗಲೇ ಹೋಗಿ ಆ ಉಣಕಲ್ಲಿನ ಬಂಕಿನವರ ಮೇಲೆ ತಕರಾರು ಕೊಡುತ್ತೇನೆ, ನನಗೆ ನಿನ್ನ ಹಾಡು ತಪ್ಪಿಸಿದವರನ್ನು ಬಿಡುವುದಿಲ್ಲ ಎಂದರು.

ಲಕ್ಷ್ಮೀಬಾಯಿ ತಸ್ಲೀಮಾಳ ಮುಖ ನೋಡಿದಳು. ತಸ್ಲೀಮಾ ನೆಲ ನೋಡಿದಳು.

"ಬಂಕಿನವರಿಗೆ ಏನೂ ಅನಬ್ಯಾಡ್ರಿ. ನಿಮ್ಮ ಗಾಡ್ಯಾಗ ಪ್ರೀಮಿಯಂ ಇರಲೇ ಇಲ್ಲ" ಎಂದಳು ಲಕ್ಷ್ಮೀಬಾಯಿ. "ಮುಂಜಾನೆ ಯಂಕವ್ವ ಹೆದರಿಸಿದಳು. ಹಳೇ ಗಾಡಿಗೆ ಆ ಎಣ್ಣಿ ಹಾಕಿದ್ರ ಮುದುಕರಿಗೆ ಬಾದಾಮಿ ಹಲ್ವಾ ತಿನಿಸಿದಂಗ, ಪಚನ ಆಗೂದಿಲ್ಲ, ನಡದಾರ್ಯಾಗ ಕೈ ಕೊಡ್ತದ ಅಂದಳು. ಇವತ್ತ ನನ್ನ ಹಾಡು. ನೀವು ಸ್ನಾನಕ್ಕ ಹೋದಾಗ ತಸ್ಲೀಮಾನ ತಮ್ಮನ್ನ ಕರಸಿ, ಗಾಡಿ ಹಿತ್ತಲಕ್ಕ ಒಯ್ಸಿ, ಅದನ್ನ ತಗಸಿ ಅಕಿ ಸ್ಕೂಟಿಗೆ ಹಾಕಿಸಿದೆ. ಅಕಿ ಸ್ಕೂಟ್ಯಾಗಿನ ಸಾದಾ ಪೆಟ್ರೋಲ್ ನಿಮ್ಮ ಗಾಡಿಗೆ ಹಾಕಿಸಿದೆ. ಧಾರವಾಡಕ್ಕ ಹೋಗಿ ಬರಾಕ ಅಷ್ಟು ಸಾಕಿತ್ತು. ಓಣಿನೆಲ್ಲಾ ಕೂಡಿಸಿ ಕೆರಿ ಸುತ್ತಸ್ತೀರಿ ಅಂತ ನನಗೇನು ಗೊತ್ತು?"

ರಾಯರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಗಾದಿಯ ಮೇಲೆ ಕೂತ ಹಾಗಾದದ್ದೂ ಸಪ್ಪಳ ಇಳಿದದ್ದೂ ಲೋಬಾನದ ವಾಸನೆ ಬಂದದ್ದೂ ಸಾದಾ ಪೆಟ್ರೋಲಿಗೇ. ಹಾಗಾದರೆ ತಾವು ಹಾಕಿಸಿದ ಖರೇ ಪ್ರೀಮಿಯಂ ಮೇಲೆ ಗಾಡಿ ಓಡಿಸಿದವಳು ಇಡೀ ಓಣಿಯಲ್ಲಿ ಒಬ್ಬಳೇ. ಅವರು ತಸ್ಲೀಮಾಳ ಕಡೆ ತಿರುಗಿ, ಎಳೆಯ ಹುಡುಗನ ಹಾಗೆ ಕಣ್ಣರಳಿಸಿ ಕೇಳಿದರು:

"ಹೆಂಗ ಓಡ್ತು?"

ತಸ್ಲೀಮಾ ಸ್ವಲ್ಪ ವಿಚಾರ ಮಾಡಿದಳು. "ದಿನಾ ಓಡಿದಂಗ ಓಡ್ತು, ಕಾಕಾ."

ಓಣಿಗೆ ಮರಳಿದಾಗ ಖಾಜಾಸಾಬನೂ ಸೌರಭನೂ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಇಬ್ಬರೂ ಪ್ರೀಮಿಯಂ ತುಂಬಿಸಿ ಇಡೀ ಸಂಜೆ ತಿರುಗಿದ್ದರಂತೆ. ರಾಯರ ಸ್ಕೂಟರಿನಲ್ಲಿ ಕಂಡ ಸುಖ ತಮ್ಮ ಗಾಡಿಗಳಲ್ಲಿ ಕಾಣಲಿಲ್ಲವಂತೆ. ಯಾಕೆ ಹೀಗೆ ಎಂದು ಕೇಳಿದರು. ತಮ್ಮ ಮಾತು ನಂಬಿ ದುಡ್ಡು ಸುರಿದ ಇಬ್ಬರನ್ನು ನೋಡಿ ರಾಯರಿಗೆ ಮನಸ್ಸು ತಡೆಯಲಿಲ್ಲ. ಕೊಬ್ಬರಿಯಿಂದ ಹಿಡಿದು ಸ್ಕೂಟಿಯವರೆಗೆ ಎಲ್ಲವನ್ನೂ ಹೇಳಿದರು. ಬೈಗುಳಕ್ಕೆ ಸಿದ್ಧರಾಗಿ ನಿಂತರು.

ಸೌರಭ ಎದ್ದು ಸ್ಕೂಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಖಾಜಾಸಾಬ ಅದರ ಸೀಟಿನ ಮೇಲೆ ಕೈಯಾಡಿಸಿದ.

"ಅಂದ್ರ ಸಾದಾ ಪೆಟ್ರೋಲಿಗೇ ಅಷ್ಟು ಛಲೋ ಓಡ್ತೈತಿ ಅಂತಾತು" ಎಂದ ಖಾಜಾಸಾಬ ಗಂಭೀರವಾಗಿ. "ರಾಯರ, ಹಂಗಾರ ಫರಕ ಪೆಟ್ರೋಲಿನ್ಯಾಗಿಲ್ಲ. ನಿಮ್ಮ ಗಾಡ್ಯಾಗೈತಿ. ಈ ತುಟ್ಟಿ ಕಾಲದಾಗ ಇಂಥಾ ಗಾಡಿ ಇಟ್ಕೊಂಡು ನೀವೊಬ್ಬರೇ ತಿರಗ್ತೀರಲ್ಲ."

ಹಾಗಲ್ಲ ಎಂದು ರಾಯರು ಬಿಡಿಸಿ ಹೇಳಲು ಹೊರಟರು. ಖಾಜಾಸಾಬ ಆಗಲೇ ಕೈ ಚಾಚಿದ್ದ.

"ನಾಳೆ ಕಮರಿಪೇಟಿಗೆ ಅಂಗಡಿಗೆ ಹೋಗೂದೈತ್ರಿ. ಕೀಲಿ ಕೊಡ್ರಿ."

"ನಾಡದು ನನಗಿರಲ್ರಿ" ಎಂದ ಸೌರಭ. "ಇನ್ನೊಂದು ಸಲ ಓಡಿಸಿದ್ರ ಖಾತ್ರಿ ಆಗ್ತದ."

ಕಾಯಿಪಲ್ಯದ ಗಾಡಿಯ ಹಿಂದಿನಿಂದ ಯಂಕವ್ವ, ಬುಧವಾರ ಮಾರ್ಕೆಟ್ಟಿಗೆ ತನ್ನ ಮಗನಿಗೂ ಬೇಕು ಎಂದಳು.