ಡೇಟಾ ಸೆಂಟರಿನ ಯಂತ್ರಕ್ಕೆ, ಜೋಳದ ವಿಷಯವಾಗಿ

ಮಾನ್ಯ ಯಂತ್ರ ಮಹಾಶಯರೇ,

ಕಾಮಾಕ್ಷಿಪಾಳ್ಯದ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿರುವ ಕಲಾವತಿ ಮಾಡುವ ಅನಂತ ನಮಸ್ಕಾರಗಳು. ನನ್ನ ಅಕ್ಷರ ಚೆನ್ನಾಗಿಲ್ಲ, ಐದನೇ ಇಯತ್ತೆಗೇ ಶಾಲೆ ಬಿಟ್ಟವಳಾದ್ದರಿಂದ ಒತ್ತಕ್ಷರ ಬಂದಲ್ಲೆಲ್ಲ ಕೈ ಅನುಮಾನಿಸುತ್ತದೆ. ತಪ್ಪುಗಳನ್ನು ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು. ತಮಗೆ ಹೊಟ್ಟೆ ಇದೆಯೋ ಇಲ್ಲವೋ ತಿಳಿಯದು, ಆದರೆ ನಮ್ಮ ಬೀದಿಯ ಕರೆಂಟೆಲ್ಲ ಹೋಗಿ ಸೇರುವ ಜಾಗ ಯಾವುದೋ ಒಂದು ತಮ್ಮೊಳಗೆ ಇರಲೇಬೇಕಲ್ಲ.

ಹೊಸಬರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಕಂಪನಿಗೆ ಬಂದ ದೂರುಗಳನ್ನು ಮನುಷ್ಯರು ಓದುವುದಿಲ್ಲ, ತಾವೇ ಓದಿ ತಾವೇ ಉತ್ತರ ಕೊಡುತ್ತೀರಿ ಎಂದು ತಮ್ಮ ಗೇಟಿನ ಫಲಕದಲ್ಲಿ ಬರೆದಿದ್ದಾರೆ. ಹಾಗಾಗಿ ಧೈರ್ಯ ಮಾಡಿ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಇದರ ಇನ್ನೊಂದು ಪ್ರತಿಯನ್ನು ಬೀದಿಯವರೆಲ್ಲ ಓದಲೆಂದು ಗಿರಣಿಯ ಗೋಡೆಗೆ ಅಂಟಿಸುತ್ತೇನೆ.

ಮೊದಲಿಗೆ ತಮ್ಮ ಸುಖಜೀವನಕ್ಕೆ ಅಭಿನಂದನೆಗಳು. ನಮ್ಮ ಗಲ್ಲಿಯಲ್ಲಿ ಬಾಣಂತಿಯ ಕೋಣೆಗೂ ಫ್ಯಾನು ತಿರುಗದಿರುವಾಗ, ಮುಚ್ಚಿದ ಕಾರ್ಖಾನೆಯ ಜಾಗದಲ್ಲಿ ಎದ್ದ ತಮ್ಮ ಅರಮನೆಯಲ್ಲಿ ತಮಗೆ ಒಂದು ಹನಿಯೂ ಬೆವರು ಬರಬಾರದೆಂದು ಹಗಲೂ ರಾತ್ರಿ ತಂಪು ಗಾಳಿ ಬೀಸುತ್ತಾರಂತೆ. ಬೀಸಲೇಬೇಕು. ತಾವು ಮಾಡುವ ಕೆಲಸವೇನು ಸಾಮಾನ್ಯವೇ? ಟೋಪಿ ಹಾಕಿದ ಬೆಕ್ಕಿನ ಚಿತ್ರ ಬೇಕೆಂದು ಯಾರೋ ಕೇಳಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬರೆದುಕೊಡುತ್ತೀರಿ. ಅಂಥ ಲೋಕೋಪಕಾರದ ಮುಂದೆ ನಾವು ಬೀಸುವ ರಾಗಿ, ಗೋಧಿ ಯಾವ ಲೆಕ್ಕ?

ತಮ್ಮ ಹಸಿವಿಗೆಂದೇ ಇಲ್ಲೇ ಪಕ್ಕದಲ್ಲಿ ಸಣ್ಣದೊಂದು ಅಣು ಸ್ಥಾವರ ಕಟ್ಟುವ ವಿಚಾರವನ್ನು ಅನಿಕೇತ್ ಎಂಬ ತಮ್ಮ ಅಧಿಕಾರಿಗಳು ಕಲ್ಯಾಣ ಮಂಟಪದಲ್ಲಿ ಸಭೆ ಕರೆದು ತಿಳಿಸಿ, ಏನೂ ಹೆದರಬೇಡಿ ಎಂದರು. ನಮ್ಮ ಗಿರಣಿಯ ಯಜಮಾನರಾದ ನಂಜುಂಡಪ್ಪನವರು ಎದ್ದು ನಿಂತು, "ಅಂದ್ರೆ ಕರೆಂಟು ಹೋಗೋದೇ ಇಲ್ವಾ ಸಾರ್?" ಎಂದು ಕೇಳಿದರು. "ಒಂದು ಸೆಕೆಂಡೂ ಹೋಗಲ್ಲ ಅಂಕಲ್, ಟ್ವೆಂಟಿಫೋರ್ ಅವರ್ಸ್!" ಎಂದರು ಅನಿಕೇತ್ ಸಾಹೇಬರು. ಯಾರಿಗೆ ಹೋಗುವುದಿಲ್ಲ ಎಂದು ಕೇಳುವಷ್ಟು ತಾಳ್ಮೆ ಯಾರಿಗಿತ್ತು? ಯಜಮಾನರು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಇಡೀ ಮಂಟಪ ತಟ್ಟಿತು. ಮಾರನೆಯ ದಿನ ತಮ್ಮ ಕಾಂಪೌಂಡಿಗೆ, ನಾವು ಚಪ್ಪಾಳೆ ತಟ್ಟುತ್ತಿರುವ ಚಿತ್ರದೊಂದಿಗೆ "ಸ್ಥಳೀಯರ ಸಂಪೂರ್ಣ ಒಪ್ಪಿಗೆ" ಎಂಬ ದೊಡ್ಡ ಫ್ಲೆಕ್ಸು ಬಂತು. ಈಗ ಕರೆಂಟು ಹೋದಾಗಲೆಲ್ಲ ಯಜಮಾನರು ತಮ್ಮ ಎರಡು ಕೈಗಳನ್ನೂ ನೋಡಿಕೊಂಡು, "ಇವಕ್ಕೇನ್ ದೊಡ್ಡರೋಗ ಬಂದಿತ್ತಮ್ಮಾ ಅವತ್ತು?" ಎನ್ನುತ್ತಾರೆ.

ಸ್ಥಾವರಕ್ಕೆ ಇನ್ನೂ ಅನುಮತಿ ಸಿಗಬೇಕು, ಆಮೇಲೆ ಕಟ್ಟಬೇಕು, ಹತ್ತು ವರ್ಷವಾದರೂ ಆಗಬಹುದಂತೆ. ಅಷ್ಟು ದಿನ ತಾವು ಉಪವಾಸ ಕೂರಬಾರದೆಂದು ನಮ್ಮ ಲೈನಿನಿಂದಲೇ ತಮಗೆ ಬಡಿಸುತ್ತಿದ್ದಾರೆ. ಅಂದಿನಿಂದ ನಮ್ಮ ಕರೆಂಟಿಗೆ ಹೊತ್ತುಗೊತ್ತಿಲ್ಲ, ಬಂದಾಗಲೂ ಗಿರಣಿಯ ಮೋಟಾರು ಗುಂಯ್ ಎಂದು ಅಳುತ್ತದೆಯೇ ಹೊರತು ಕಲ್ಲನ್ನು ತಿರುಗಿಸುವುದಿಲ್ಲ. ನಮ್ಮವ್ವ ಕಸ್ತೂರೆವ್ವ ವಿಜಯನಗರದ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ, ನಮ್ಮ ಒಲೆ ಉರಿಯುವುದು ಅದರಿಂದಲೇ. ಜೋಳವನ್ನು ಆಗಿಂದಾಗ ಬೀಸಬೇಕು, ಹಿಟ್ಟು ಹಳತಾದರೆ ಅದರ ಜಿಗಿ ಹೋಗಿ ಬಡಿಯುವಾಗಲೇ ರೊಟ್ಟಿ ಹರಿಯುತ್ತದೆ. ನಿನ್ನೆ ಖಾನಾವಳಿಯ ದೇವೇಂದ್ರಪ್ಪನವರು ಮನೆಗೇ ಬಂದು, "ಯವ್ವಾ, ಪಾರ್ಸಲ್ ಒಯ್ಯೋ ರೈಡರ್ ಹುಡುಗ್ರು ನಗಾಕತ್ಯಾರ, ಇದು ರೊಟ್ಟಿನೋ ಹಪ್ಪಳದ ಚೂರೋ ಅಂತ. ನಾಳಿಗೂ ಹಿಂಗಾದ್ರ ನಾ ಮಷಿನ್ ರೊಟ್ಟಿ ತರಸ್ತೀನಿ ನೋಡು" ಎಂದು ಹೇಳಿ ಹೋದರು. ಅವರು ಹೋದ ಮೇಲೆ ಅವ್ವ ತಮ್ಮ ಕಟ್ಟಡದ ದೀಪಗಳತ್ತ ನೋಡಿ, "ಎಷ್ಟ್ ತಿಂತೈತೆ ಅದು, ಒಂದ್ ರೊಟ್ಟಿನಾರ ಬಡದೈತೇನು?" ಎಂದಳು. ಓದು ಬಾರದವಳು, ತಮ್ಮ ದೊಡ್ಡಸ್ತಿಕೆ ಅವಳಿಗೆ ತಿಳಿಯದು, ಕ್ಷಮಿಸಿಬಿಡಿ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ತಮ್ಮ ಅಣು ಒಲೆ ಹೊತ್ತುವ ತನಕ ತಾವು ದಿನವೂ ಬೆಳಿಗ್ಗೆ ಎರಡು ಗಂಟೆ ಹೊತ್ತು ನಮ್ಮ ಹಾಗೆ ಬೀಸಣಿಗೆ ಹಿಡಿದು ಕೂರಬೇಕು. ಆಗದಿದ್ದರೆ ತಮ್ಮ ಅರಮನೆಯ ಒಂದು ಗೂಡನ್ನು ಖಾಲಿ ಮಾಡಿ ಅಲ್ಲಿ ನಮ್ಮ ಬೀಸುವ ಕಲ್ಲಿಗೆ ಬಾಡಿಗೆಗೆ ಜಾಗ ಕೊಡಬೇಕು. ಹಾಗೆಯೇ ಒಲೆ ಹೊತ್ತಿದ ಮೇಲೆ, ಸಾವಿರಾರು ವರ್ಷ ಆರದಂಥ ಅದರ ಬೂದಿಯನ್ನು ಹಸಿ ಕಸಕ್ಕೆ ಹಾಕಬೇಕೋ ಒಣ ಕಸಕ್ಕೆ ಹಾಕಬೇಕೋ ಎಂಬುದನ್ನು ಈಗಲೇ ತಿಳಿಸಬೇಕು. ಒಂದು ಈರುಳ್ಳಿ ಸಿಪ್ಪೆ ತಪ್ಪಿ ಬಿದ್ದರೂ ನಮ್ಮ ಕಸದ ಆಟೋದವರು ಬೀದಿಗೆಲ್ಲ ಕೇಳುವಂತೆ ಬೈಯುತ್ತಾರೆ.

ಇಂದು ಬೆಳಿಗ್ಗೆಯೂ ಕರೆಂಟು ಇರಲಿಲ್ಲ. ಅವ್ವನ ಜೋಳದ ಡಬ್ಬವನ್ನು ಹೊತ್ತುಕೊಂಡು, ಕರೆಂಟು ಎಲ್ಲಿದೆಯೋ ಅಲ್ಲಿಗೇ ಬಂದೆ. ತಮ್ಮ ಕಾವಲುಗಾರರು "ಏನಮ್ಮಾ ಇದು? ಯಾರ್ ಕಳಿಸಿದ್ದು?" ಎಂದು ಕೇಳಿದ್ದೇ ತಡ, ಡಬ್ಬವನ್ನು ಗೇಟಿನ ಒಳಗಿಟ್ಟು, ತಲೆ ತಗ್ಗಿಸಿಕೊಂಡು ಬಂದುಬಿಟ್ಟೆ.

ಹಿಟ್ಟಿಗಾಗಿ ಕಾದಿರುವ
ತಮ್ಮ ವಿಶ್ವಾಸಿ,
ಕಲಾವತಿ

ತಾ.ಕ.: ಕಾವಲುಗಾರರು ಆ ಡಬ್ಬವನ್ನು ದೂರದಿಂದ ಕೋಲಿನಲ್ಲಿ ಮುಟ್ಟಿ ನೋಡುತ್ತಿದ್ದಾರೆ, ಪೊಲೀಸರಿಗೂ ಫೋನು ಹೋಗಿದೆ ಎಂದು ಈಗ ತಾನೇ ತಿಳಿಯಿತು. ದಯವಿಟ್ಟು ಅವರಿಗೆ ಧೈರ್ಯ ಹೇಳಿ. ನಮ್ಮ ಮನೆಗಳ ಪಕ್ಕ ಅಣು ಒಲೆ ಹೂಡುತ್ತೇವೆ, ಏನೂ ಹೆದರಬೇಡಿ ಎಂದು ನಮಗೆ ಹೇಳಿದವರು, ಒಂದು ಡಬ್ಬ ಜೋಳಕ್ಕೆ ಇಷ್ಟು ಹೆದರಬಾರದು.